ಕಿಂಡಿಯಲ್ಲಿಟ್ಟ ಬಟ್ಟಲು

ಅಕ್ರೋಟು ಒಡೆಯುವುದು ಒಂದೇ ಮನೆಯವರಿಂದ ಆಗುವ ಕೆಲಸವಲ್ಲ. ನಮ್ಮೂರು ಕೊಂಬ್‌ನ್ವಾರಿನಲ್ಲಿ ನವೆಂಬರ್ ಬಂತೆಂದರೆ ಇವತ್ತು ಇವರ ಮನೆ, ನಾಳೆ ಅವರ ಮನೆ ಎಂದು ಸಂಜೆ ಹೊತ್ತು ಎಲ್ಲರೂ ಸೇರುತ್ತೇವೆ. ಗಂಡಸರು ಮರದ ಸುತ್ತಿಗೆಯಿಂದ ಒಡೆಯುತ್ತಾರೆ, ಹೆಂಗಸರು ತಿರುಳು ಬಿಡಿಸುತ್ತಾರೆ, ಕೊನೆಗೆ ಮನೆಯವರು ಬಿಸಿ ಮಾಡಿದ ದ್ರಾಕ್ಷಾರಸ ಕೊಟ್ಟು ಕಳಿಸಬೇಕು. ಎರಡನೇ ಮಹಾಯುದ್ಧ ಮುಗಿದು ಮೂರು ವರ್ಷವಾಗಿತ್ತು. ಅಂದು ಸರದಿ ನಮ್ಮದು. ಬೆಳಿಗ್ಗೆ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ, ಹೊಳೆ ಸೇತುವೆಯ ಮೇಲೇ ಹರಿಯುತ್ತಿದೆ ಎಂದು ಸುದ್ದಿ ಬಂತು, ಆಚೆ ದಡದವರು ಯಾರೂ ಬರಲಿಲ್ಲ. ಹಾಗಾಗಿ ಒಲೆಯ ಮುಂದೆ ಕೂತವರು ನಾಲ್ಕೇ ಜನ: ನಾನು, ನನ್ನ ಅತ್ತೆ ಫಿಲೊಮೆನ್, ಅಂಚೆಯ ಕಸಿಮಿರ್, ಮತ್ತೆ ಪಕ್ಕದ ಮನೆಯ ಸೆರಾಫಿನ್ ಅಜ್ಜ.

ಅಜ್ಜನಿಗೆ ಎಪ್ಪತ್ತೇಳು. ಮದುವೆಯಿಲ್ಲ, ಮಕ್ಕಳಿಲ್ಲ. ತಾನು ಯಾರ ಮನೆಗೂ ಹೋಗುವವನಲ್ಲ, ತನ್ನ ಮನೆಯ ಹೊಸ್ತಿಲು ಯಾರಿಗೂ ದಾಟಗೊಡುವವನಲ್ಲ. ಅಂಥವನು ಕರೆಯದೆ ಬಂದು ಕೂತಿದ್ದ. ಪ್ರಾಯದಲ್ಲಿ ಏಳು ವರ್ಷ ಮೇಲಿನ ಬೆಟ್ಟದ ಮಠದಲ್ಲಿ ಮೌನಿ ಫಾದರ್‌ಗಳ ಸೇವೆಗಿದ್ದ ಎಂಬುದು ಊರಿಗೆಲ್ಲ ಗೊತ್ತು. ಅಲ್ಲಿ ಏನಾಯಿತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

“ಏಳು ವರ್ಷ ಬಾಯಿ ಮುಚ್ಕೊಂಡಿದ್ರಂತಲ್ಲ ಅಜ್ಜ,” ಎಂದ ಕಸಿಮಿರ್, “ಅಷ್ಟೂ ಬೈಗುಳ ಎಲ್ಲಿ ಬಚ್ಚಿಟ್ಟಿದ್ರಿ?”

“ನೀನು ಹುಟ್ತೀಯ ಅಂತ ಗೊತ್ತಿತ್ತು ಕಣೋ, ನಿನಗೇ ಅಂತ ಕೂಡಿಟ್ಟಿದ್ದೆ.”

ಅತ್ತೆ ನಕ್ಕರು. ನಗು ನಿಂತ ಮೇಲೆ ದನಿ ತಗ್ಗಿಸಿ ಕೇಳಿದರು, “ಅಲ್ಲಾ, ಆ ಹಾಳು ಮಠದಲ್ಲಿ ದೆವ್ವ ಇದೆ ಅಂತಾರಲ್ಲ, ನಿಜವಾ?”

ಅಜ್ಜ ಸುತ್ತಿಗೆ ಕೆಳಗಿಟ್ಟ. “ಮಠದಲ್ಲಿಲ್ಲ,” ಎಂದ.

ಆಮೇಲೆ ತಾನಾಗಿಯೇ ಶುರು ಮಾಡಿದ.

*

ಹೇಳ್ತೀನಿ. ಹೇಳೋಕೇ ಬಂದಿದ್ದೀನಿ ಅಂತ ಇಟ್ಕೊಳ್ಳಿ. ಆದ್ರೆ ಮೊದಲು ಆ ಬಡಿಯೋ ಸದ್ದು ನಿಲ್ಲಿಸಿ. ಕಸಿಮಿರ್, ನಿನಗೇ ಹೇಳಿದ್ದು, ಆ ಸುತ್ತಿಗೆ ಕೆಳಗಿಡು... ಹ್ಞಾ, ಹಾಗೆ.

ಈಗ ನೀವು ಮೇಲೆ ಹತ್ತಿ ಹೋದ್ರೆ ಏನು ಕಾಣುತ್ತೆ? ಕುಸಿದ ಚಾವಣಿ, ಮುಳ್ಳುಗಿಡ, ಆಡು ಕಾಯೋರು ಮಾಡಿಟ್ಟ ಬೂದಿ. ನಾನು ಸೇರಿದಾಗ ಅಲ್ಲಿ ಹನ್ನೆರಡು ಜನ ಫಾದರ್‌ಗಳಿದ್ರು. ಉದ್ದಕ್ಕೆ ಒಂದು ಕಲ್ಲಿನ ಪಡಸಾಲೆ, ಆ ಪಡಸಾಲೆಗೆ ಹನ್ನೆರಡು ಬಾಗಿಲು, ಒಂದೊಂದು ಬಾಗಿಲ ಹಿಂದೆ ಒಂದೊಂದು ಪುಟ್ಟ ಮನೆ. ಕೆಳಗೆ ಸೌದೆ ಸೀಳೋ ಜಾಗ, ಮರಗೆಲಸದ ಬೆಂಚು, ಮೇಲೆ ಪ್ರಾರ್ಥನೆಗೂ ನಿದ್ದೆಗೂ ಒಂದೇ ಕೋಣೆ, ಹಿಂದೆ ಅಂಗೈಯಗಲ ತೋಟ. ಅಷ್ಟರಲ್ಲೇ ಒಬ್ಬೊಬ್ಬರು ನಲವತ್ತು ವರ್ಷ, ಐವತ್ತು ವರ್ಷ ಕಳೆದುಬಿಡೋರು. ಸಂತ ಬ್ರೂನೋ ಎಂಟುನೂರು ವರ್ಷದ ಹಿಂದೆ ಆರು ಜನ ಜೊತೆಗಾರರನ್ನ ಕಟ್ಕೊಂಡು ಬೆಟ್ಟ ಹತ್ತಿದನಲ್ಲ, ಆವತ್ತಿಂದ ಹಾಗೇ. ರಾಜರು ಬಂದ್ರು, ಹೋದ್ರು, ಕ್ರಾಂತಿ ಅಂದ್ರು, ತಲೆಗಳು ಉರುಳಿದ್ವು, ಇವರು ಮಾತ್ರ ಮಾತಾಡಲಿಲ್ಲ. ವಾರಕ್ಕೊಂದು ಸಲ ಎಲ್ಲರೂ ಕೂಡಿ ಕಾಡಿನಲ್ಲಿ ನಡೆಯೋಕೆ ಹೋಗೋರು, ಆವಾಗಷ್ಟೇ ಮಾತು. ಮಿಕ್ಕ ದಿನ ದೇವರ ಜೊತೆ ಏನಿದೆಯೋ ಅದೇ.

ಭಯ ಹುಟ್ಟಿಸೋ ಮೌನ ಅಂದ್ಕೋಬೇಡಿ ಮತ್ತೆ. ಹಾಲು ಕುಡಿದ ಮಗು ಮಲಗಿರೋ ಮನೆಯಲ್ಲಿ ಎಲ್ಲರೂ ಮೆತ್ತಗೆ ಓಡಾಡ್ತಾರಲ್ಲ, ಅಂಥ ಮೌನ. ನಮ್ಮಪ್ಪನ ಮನೆಯ ಜಗಳ ಕೇಳಿ ಕೇಳಿ ಕಿವಿ ತೂತಾಗಿದ್ದ ನನಗೆ ಅದು ಸ್ವರ್ಗವೇ ಆಗಿತ್ತು ಕಣ್ರೀ. ಇಪ್ಪತ್ತನಾಲ್ಕನೇ ವಯಸ್ಸಿಗೆ ಹೋದೆ. ಆರು ವರ್ಷ ಆಗ್ತಾ ಬಂದಾಗ ದೊಡ್ಡ ಫಾದರ್, ಅಂದ್ರೆ ಮಠದ ಹಿರಿಯರು, ಕರೆದು ಹೇಳಿದ್ರು, ‘ಸೆರಾಫಿನ್, ಬರೋ ಈಸ್ಟರ್‌ಗೆ ನಿನಗೆ ವ್ರತ ಕೊಡ್ತೀವಿ, ನೀನು ನಮ್ಮವನಾಗಿಬಿಡು.’ ಆ ರಾತ್ರಿ ನಾನು ಸಂತೋಷಕ್ಕೆ ಅತ್ತಿದ್ದೆ. ನನಗೆ ಬೇಕಾಗಿದ್ದು ಅದೊಂದೇ. ಸಾಯೋತನಕ ಅಲ್ಲೇ ಇರಬೇಕು, ಅಲ್ಲೇ ಮಣ್ಣಾಗಬೇಕು.

ನನ್ನ ಕೆಲಸ ಊಟ ಹಂಚೋದು. ಪ್ರತಿ ಬಾಗಿಲ ಪಕ್ಕದಲ್ಲಿ ಗೋಡೆಯೊಳಗೆ ಒಂದು ಕಿಂಡಿ. ಹೊರಗೊಂದು ಪುಟ್ಟ ಕದ, ಒಳಗೊಂದು ಪುಟ್ಟ ಕದ, ಮಧ್ಯೆ ಕಿಂಡಿ ಡೊಂಕು, ಕೊಡೋನಿಗೆ ತಗೊಳ್ಳೋನ ಮುಖ ಕಾಣಬಾರದು ಅಂತ. ಮಧ್ಯಾಹ್ನ ಬಟ್ಟಲು ಇಟ್ಟು ಕದ ಮುಚ್ಚಬೇಕು, ಎರಡು ಗಂಟೆ ಬಿಟ್ಟು ಬಂದು ಖಾಲಿ ಬಟ್ಟಲು ಎತ್ಕೋಬೇಕು. ಫಾದರ್‌ಗೆ ಏನಾದ್ರೂ ಬೇಕಿದ್ರೆ ಚೀಟಿ ಬರೆದು ಕಿಂಡಿಯಲ್ಲಿಟ್ಟಿರ್ತಾರೆ. ಬಾಗಿಲು ತಟ್ಟೋ ಹಾಗಿಲ್ಲ, ಮಾತಾಡಿಸೋ ಹಾಗಿಲ್ಲ, ತೆಗೆಯೋದಂತೂ ಇಲ್ಲವೇ ಇಲ್ಲ, ಆ ಬಾಗಿಲು ತೆಗೆಯೋ ಅಧಿಕಾರ ದೊಡ್ಡ ಫಾದರ್ ಒಬ್ಬರಿಗೇ. ಆದ್ರೆ ಒಂದು ಕಟ್ಟಳೆ ಇತ್ತು, ಅದು ಎಲ್ಲಕ್ಕಿಂತ ದೊಡ್ಡದು: ಬಟ್ಟಲು ಮುಟ್ಟದೆ ಹಾಗೇ ಉಳಿದಿದ್ರೆ ನಿಂತ ಕಾಲಲ್ಲಿ ಓಡಿ ಹೋಗಿ ದೊಡ್ಡ ಫಾದರ್‌ಗೆ ಹೇಳ್ಬೇಕು. ಯಾಕೆ ಅಂತ ಗೊತ್ತಾಯ್ತಲ್ಲ? ಒಬ್ಬಂಟಿ ಮನುಷ್ಯ, ಒಳಗೆ ಬಿದ್ದಿದ್ದಾನೋ ಸತ್ತಿದ್ದಾನೋ ಹೊರಗಿನವರಿಗೆ ಹೇಗೆ ತಿಳೀಬೇಕು? ಬಟ್ಟಲು ನೋಡಿಯೇ ತಿಳೀಬೇಕು. ಆ ಹನ್ನೆರಡು ಜನರ ಜೀವ ನನ್ನ ಕಣ್ಣಿನ ಮೇಲಿತ್ತು.

ಏಳನೇ ಬಾಗಿಲು ಅಂತೆಲ್ಮ್ ಫಾದರ್‌ದು. ಎಪ್ಪತ್ತು ದಾಟಿದ್ದ ಮುದುಕರು, ಒಳಗೆ ಬಂದು ನಲವತ್ತು ವರ್ಷ. ಎದೆಯಲ್ಲಿ ಕಫ, ಚಳಿಗಾಲದಲ್ಲಿ ಚರ್ಚಿಗೆ ಬರೋದು ಬೇಡ, ಗಂಟೆ ಹೊಡೆದಾಗ ಕೋಣೆಯಲ್ಲೇ ಪ್ರಾರ್ಥನೆ ಮಾಡಿ ಅಂತ ಅಪ್ಪಣೆ ಆಗಿತ್ತು. ದೊಡ್ಡ ಫಾದರ್ ಶನಿವಾರ ಶನಿವಾರ ಹೋಗಿ ಅವರ ಪಾಪನಿವೇದನೆ ಕೇಳಿ ಬರೋರು. ಅಷ್ಟು ಬಿಟ್ರೆ ಅವರ ಮುಖ ನೋಡೋರು ಯಾರೂ ಇಲ್ಲ. ನನಗೆ ಅವರು ಗೊತ್ತಿದ್ದದ್ದು ಬಟ್ಟಲಿಂದಲೇ... ತೊಳೆದು, ಒರೆಸಿ, ಚಮಚ ಬೋರಲು ಮಾಡಿ ಇಟ್ಟಿರೋರು. ಹನ್ನೆರಡು ಬಟ್ಟಲಲ್ಲಿ ಅವರದ್ದು ಯಾವುದು ಅಂತ ಕಣ್ಮುಚ್ಚಿ ಹೇಳ್ತಿದ್ದೆ.

ಆ ವರ್ಷ ತಪಸ್ಸುಕಾಲ ಶುರುವಾಯ್ತು. ಈಸ್ಟರ್ ತನಕ ನಲವತ್ತು ದಿನ, ದಿನಕ್ಕೆ ಒಂದೇ ಊಟ, ಮೊಟ್ಟೆಯಿಲ್ಲ, ಹಾಲಿಲ್ಲ, ಶುಕ್ರವಾರ ಬರೀ ರೊಟ್ಟಿ ನೀರು. ಅದು ಶುರುವಾಗೋ ಬೂದಿ ಬುಧವಾರದ ಮಾರನೇ ದಿನವೇ ಏಳನೇ ಕಿಂಡಿಯಲ್ಲಿ ಬಟ್ಟಲು ಮುಟ್ಟದೆ ಹಾಗೇ ಇತ್ತು. ಓಡಿದೆ. ದೊಡ್ಡ ಫಾದರ್ ಬಂದು ಬಾಗಿಲು ತೆಗೆದ್ರು... ನೋಡಿದ್ರೆ ಮುದುಕರು ಆರಾಮಾಗಿ ಮಂಡಿಯೂರಿ ಕೂತಿದ್ದಾರೆ! ಮಠ ಹೇಳಿದ ಉಪವಾಸ ಸಾಲದು ಅಂತ ತಾವೇ ಕದ್ದು ಉಪವಾಸ ಮಾಡ್ತಿದ್ರು. ನಗಬೇಡ ಫಿಲೊಮೆನ್. ಆ ಪಂಥದಲ್ಲಿ ಅದು ತಪ್ಪು. ಅಪ್ಪಣೆ ಇಲ್ಲದೆ ಒಂದು ತುತ್ತು ಹೆಚ್ಚು ತಿಂದ್ರೂ ತಪ್ಪು, ಒಂದು ತುತ್ತು ಕಡಿಮೆ ತಿಂದ್ರೂ ತಪ್ಪು. ಕಡಿಮೆ ತಿನ್ನೋದು ಇನ್ನೂ ದೊಡ್ಡ ತಪ್ಪು, ಅದರೊಳಗೆ ಅಹಂಕಾರ ಇರುತ್ತೆ ಅಂತ. ಎಲ್ಲರನ್ನೂ ಸೇರಿಸಿ ಮುದುಕರನ್ನ ನೆಲದ ಮೇಲೆ ಉದ್ದಕ್ಕೆ ಮಲಗಿಸಿ ತಪ್ಪೊಪ್ಪಿಸಿದ್ರು, ಆಮೇಲೆ ಎಲ್ಲರ ಎದುರಿಗೆ ಆ ಆರಿದ ಗಂಜಿ ಉಣ್ಣಿಸಿದ್ರು. ನಾನು ಬಾಗಿಲ ಹತ್ತಿರ ನಿಂತು ನೋಡ್ದೆ. ನಾನೇ ಚಾಡಿ ಹೇಳಿದ ಹಾಗಾಯ್ತಲ್ಲ ಅನ್ನಿಸ್ತು.

ಮಾರನೇ ದಿನ ಕಿಂಡಿಯಲ್ಲಿ ಒಂದು ಚೀಟಿ. ‘ಸಹೋದರ ಸೆರಾಫಿನ್, ಇನ್ನು ಮುಂದೆ ನಾನು ಬಿಟ್ಟದ್ದನ್ನು ನೀನೇ ಉಂಡುಬಿಡು. ಯಾರಿಗೂ ಹೇಳಬೇಡ. ದೇವರ ಪ್ರೀತಿಗಾಗಿ.’

ಏನು ಮಾಡ್ತಿದ್ರಿ ನೀವು? ಸಂತನಂಥ ಮುದುಕ ಕೈಮುಗಿದು ಕೇಳ್ತಾನೆ. ನನಗೂ ಮೂವತ್ತು ವರ್ಷ, ಬೆಳಿಗ್ಗೆಯಿಂದ ಸೌದೆ ಹೊತ್ತು ನೀರು ಹೊತ್ತು ದುಡಿಯೋ ದೇಹ, ಹೊಟ್ಟೆಗೆ ತಣ್ಣೀರು ಬಟ್ಟೆ. ಚೀಟಿ ಒಲೆಗೆ ಹಾಕಿದೆ. ಶನಿವಾರ ಅರ್ಧ ಬಟ್ಟಲು ಬಿಟ್ಟಿದ್ರು, ಆ ಪಡಸಾಲೆಯಲ್ಲೇ ಗೋಡೆಗೆ ಮುಖ ಮಾಡಿ ನಿಂತು ಉಂಡೆ. ಸೋಮವಾರ ಮುಕ್ಕಾಲು ಬಿಟ್ಟಿದ್ರು, ಅದನ್ನೂ ಉಂಡೆ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ. ನಿಜ ಹೇಳ್ಬೇಕಂದ್ರೆ... ಮಂಗಳವಾರ ಕಿಂಡಿಯ ಕದ ತೆಗೆಯೋವಾಗ ಇವತ್ತೂ ಬಿಟ್ಟಿರಲಪ್ಪ ಅಂತ ಬಾಯಲ್ಲಿ ನೀರೂರ್ತಿತ್ತು.

ಪೂರ್ತಿ ಬಿಟ್ಟಿದ್ರು. ಕೆರೆ ಮೀನು, ಅಕ್ರೋಟಿನ ಎಣ್ಣೆ ಹಾಕಿ ಬೇಯಿಸಿದ್ದು. ಬಟ್ಟಲು ಎತ್ಕೊಂಡೆ. ಆವಾಗ ಒಳಗಿಂದ ಸದ್ದು... ಟಕ್... ಟಕ್... ಫಾದರ್ ಸೌದೆ ಸೀಳ್ತಿದ್ದಾರೆ ಅಂದ್ಕೊಂಡು ಉಂಡೆ.

ಬುಧವಾರ ಮತ್ತೆ ಪೂರ್ತಿ. ಮತ್ತೆ ಅದೇ ಟಕ್, ಟಕ್. ಸೌದೆ ಸೀಳೋ ಸದ್ದು ಒಳಗಿನ ಕೋಣೆಯಿಂದ ಬರಬೇಕಲ್ಲ, ಇದು ಬಾಗಿಲಿಂದ ಬರ್ತಿದೆ. ಅದೂ ಕೆಳಗಿಂದ. ನನ್ನ ಮೊಣಕಾಲ ಎತ್ತರದಿಂದ. ಒಂದು ಗಳಿಗೆ ಕಿವಿಗೊಟ್ಟು ನಿಂತೆ. ಸದ್ದು ನಿಂತಿತು. ಆಮೇಲೆ ಉಸಿರೆಳೆದ ಹಾಗೆ, ಯಾರೋ ‘ಸೆ...ರಾ...’ ಅಂದ ಹಾಗೆ. ನಲವತ್ತು ವರ್ಷ ಒಂದು ಸಲವೂ ಕೂಗದ ಗಂಟಲು ಕಣ್ರೀ ಅದು, ಕೂಗು ಅಂದ್ರೆ ಹೇಗೆ ಕೂಗುತ್ತೆ? ನಾನೇನು ಮಾಡ್ದೆ ಗೊತ್ತಾ? ‘ಫಾದರ್ ನನ್ನನ್ನ ಹುರಿದುಂಬಿಸ್ತಿದ್ದಾರೆ, ತಿನ್ನು ತಿನ್ನು ಅಂತಿದ್ದಾರೆ’ ಅಂದ್ಕೊಂಡೆ. ಯಾರಾದ್ರೂ ಬಂದ್ರೆ ಸಿಕ್ಕಿಬೀಳ್ತೀನಿ ಅಂತ ಗಬಗಬ ನುಂಗಿ, ಬಟ್ಟಲು ನೆಕ್ಕಿ, ಊಟದ ಗಾಡಿ ತಳ್ಕೊಂಡು ಹೋದೆ. ಆ ಬಾಗಿಲಿಗೆ ಬೀಗ ಇರಲಿಲ್ಲ. ಬರೀ ಚಿಲಕ. ಹೊರಗಿಂದ ಬೆರಳಲ್ಲಿ ಎತ್ತಿದ್ರೆ ಸಾಕಿತ್ತು...

ಗುರುವಾರ ಸದ್ದಿಲ್ಲ. ಬಟ್ಟಲು ಹಾಗೇ ಇತ್ತು. ಉಂಡೆ. ಶುಕ್ರವಾರದ ರೊಟ್ಟಿಯನ್ನೂ ಮುರಿದು ಜೇಬಿಗೆ ಹಾಕ್ಕೊಂಡೆ.

ಶನಿವಾರ ದೊಡ್ಡ ಫಾದರ್ ಪಾಪನಿವೇದನೆ ಕೇಳೋಕೆ ಬಂದು ಚಿಲಕ ಎತ್ತಿದ್ರೆ, ಬಾಗಿಲು ತೆಗೆಯೋಕೇ ಆಗಲಿಲ್ಲ. ಒಳಗೆ ಏನೋ ಅಡ್ಡ. ನನ್ನನ್ನ ಕರೆದ್ರು, ಇಬ್ಬರೂ ಸೇರಿ ತಳ್ಳಿದ್ವಿ. ಅಂತೆಲ್ಮ್ ಫಾದರ್ ಬಾಗಿಲಿಗೆ ತಲೆ ಕೊಟ್ಟು ಬಿದ್ದಿದ್ರು. ಮೆಟ್ಟಿಲಿಂದ ಉರುಳಿ ತೊಡೆ ಮುರಿದಿತ್ತು, ಮೆಟ್ಟಿಲಿಂದ ಬಾಗಿಲ ತನಕ ತೆವಳಿದ ಗುರುತು ನೆಲದ ಮೇಲಿತ್ತು. ಕೈಯ ಗೆಣ್ಣುಗಳೆಲ್ಲ ಸುಲಿದಿದ್ವು. ಕಿಂಡಿ ಅವರ ತಲೆಯಿಂದ ಎರಡು ಮೊಳ ಮೇಲಿತ್ತು... ಅಷ್ಟೇ. ಮುಷ್ಟಿಯಲ್ಲಿ ಒಂದು ಚೀಟಿ ಇತ್ತು. ಎತ್ತುವಾಗ ನನಗೆ ಕಾಣ್ತು, ದೊಡ್ಡ ಫಾದರ್‌ಗೆ ಕಾಣಲಿಲ್ಲ. ಬೆರಳು ಬಿಡಿಸಿ ಅಂಗಿಯ ತೋಳೊಳಗೆ ತೂರಿಸ್ಕೊಂಡೆ. ಏನು ಬರೆದಿತ್ತು ಅಂತೀರಾ? ‘ಬಾಗಿಲು ತೆಗೆ.’ ಅಷ್ಟೇ. ಎರಡೇ ಮಾತು.

ಪೇಟೆಯಿಂದ ಡಾಕ್ಟರು ಬಂದು ನೋಡಿ, ಜೀವ ಹೋಗಿ ಎರಡು ದಿನ ಆಗಿದೆ ಅಂದ್ರು. ದೊಡ್ಡ ಫಾದರ್ ನನ್ನ ಕಡೆ ತಿರುಗಿದ್ರು.

‘ನಿನ್ನೆ ರೊಟ್ಟಿ ಉಳಿದಿತ್ತಾ?’

‘ಇಲ್ಲ ಫಾದರ್, ಖಾಲಿ.’

‘ಮೊನ್ನೆ?’

‘ಖಾಲಿ ಫಾದರ್. ದಿನಾ ಖಾಲಿ.’

ಹಾಗಂದೆ. ಕಣ್ಣಲ್ಲಿ ಕಣ್ಣಿಟ್ಟು ಹಾಗಂದೆ. ಇನ್ನು ಐದು ವಾರಕ್ಕೆ ನನ್ನ ವ್ರತ, ನಿಜ ಹೇಳಿದ್ರೆ ಆ ಕ್ಷಣವೇ ಬೆಟ್ಟ ಇಳಿಸ್ತಾರೆ, ಮತ್ತೆ ಅಪ್ಪನ ಮನೆ, ಮತ್ತೆ ಆ ಜಗಳ. ಬಾಯಿಂದ ಸುಳ್ಳು ಬಿದ್ದುಹೋಯ್ತು. ದೊಡ್ಡ ಫಾದರ್ ಮುಖ ಬೆಳ್ಳಗಾಯ್ತು. ಆ ಒಳ್ಳೇ ಮನುಷ್ಯ ನಾನು ಸುಳ್ಳು ಹೇಳ್ತೀನಿ ಅಂತ ಕನಸಲ್ಲೂ ಎಣಿಸಿರಲಿಲ್ಲ. ಅವರಿಗೆ ತೋಚಿದ್ದು ಒಂದೇ... ಸತ್ತವನು ಎರಡು ದಿನ ಉಂಡಿದ್ದಾನೆ.

ನೋಡಿ, ಹೀಗೆ ಆ ದೆವ್ವವನ್ನ ಹುಟ್ಟಿಸಿದ್ದು ನಾನು. ಈ ಬಾಯಿಂದ.

ಅವರ ಪದ್ಧತಿಯಂತೆ ಪೆಟ್ಟಿಗೆಯಿಲ್ಲದೆ, ಹಲಗೆಯ ಮೇಲೆ ಮಲಗಿಸಿ, ಬಿಳೀ ಉಣ್ಣೆಯ ಮುಸುಕು ಮುಖದ ಮೇಲೆ ಎಳೆದು, ಹೆಸರಿಲ್ಲದ ಒಂದು ಮರದ ಶಿಲುಬೆ ನೆಟ್ಟು ಮಣ್ಣು ಮಾಡಿದ್ವಿ. ಇನ್ನು ನಮ್ಮ ಮಠದಲ್ಲಿ ಒಂದು ವಾಡಿಕೆ ಇತ್ತು: ಸತ್ತವರ ಪಾಲಿನ ಊಟ ಮೂವತ್ತು ದಿನ ನಿಲ್ಲಿಸೋ ಹಾಗಿಲ್ಲ. ಮಧ್ಯಾಹ್ನ ಅವರ ಕಿಂಡಿಯಲ್ಲೇ ಇಡಬೇಕು, ಸಂಜೆ ತೆಗೆದು ಹೆಬ್ಬಾಗಿಲ ಹತ್ತಿರ ಕಾಯೋ ಬಡವರಿಗೆ ಕೊಡಬೇಕು. ಮೊದಲನೇ ದಿನ ಬೇಳೆ ಗಂಜಿ ಇಟ್ಟೆ. ಸಂಜೆ ಹೋಗಿ ಕದ ತೆಗೆದೆ.

ಖಾಲಿ. ತೊಳೆದಿತ್ತು, ಒರೆಸಿತ್ತು. ಚಮಚ ಬೋರಲು.

ಯಾರೋ ಒಳಗೆ ಹೋಗಿದ್ದಾರೆ ಅಂದ್ಕೊಂಡು ಮಾರನೇ ದಿನ ಬಾಗಿಲ ಚಿಲಕಕ್ಕೆ ದಾರ ಕಟ್ಟಿದೆ. ದಾರ ಕಟ್ಟಿದ ಹಾಗೇ ಇತ್ತು, ಬಟ್ಟಲು ಖಾಲಿ. ಮೂರನೇ ದಿನ ಬಟ್ಟಲಿಟ್ಟು ಅಲ್ಲೇ ನಿಂತೆ. ಹಗಲು, ನಡು ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿದೆ. ಒಳಗಿನ ಕದ ಕಿರ್‌ ಅಂತು. ಬಟ್ಟಲು ಕಲ್ಲಿನ ಮೇಲೆ ಸರಿದ ಸದ್ದು. ಆಮೇಲೆ ಉಣ್ಣೋ ಸದ್ದು... ತಪಸ್ವಿಗಳು ಉಣ್ಣೋ ಹಾಗಲ್ಲ, ಬಹಳ ದಿನ ಹಸಿದವರು ಉಣ್ಣೋ ಹಾಗೆ, ಗಬಗಬ, ಉಸಿರು ಕಟ್ಟಿ ಕಟ್ಟಿ. ನನ್ನ ಹಾಗೆಯೇ.

ಮೂವತ್ತು ದಿನ ಹಾಗೇ ನಡೀತು. ಬಡವರಿಗೆ ಕೊಡೋಕೆ ಆ ಊಟ ಉಳೀತಿಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು. ಫಾದರ್‌ಗಳ ವಾರದ ನಡಿಗೆಯಲ್ಲಿ ಅದೇ ಮಾತು, ಅಂತೆಲ್ಮ್ ಸಂತರು, ಸತ್ತ ಮೇಲೂ ದೇವರ ದಾನ ಸ್ವೀಕರಿಸ್ತಿದ್ದಾರೆ ಅಂತ. ಒಬ್ಬ ಮುದುಕರಂತೂ ಆ ಬಾಗಿಲಿಗೆ ಮುತ್ತಿಟ್ಟು ಹೋಗೋರು. ನನಗೆ ಮಾತ್ರ ಒಂದು ತುತ್ತು ಗಂಟಲಲ್ಲಿ ಇಳೀತಿರಲಿಲ್ಲ. ಮೂಳೆ ಚಕ್ಕಳ ಆಗಿಬಿಟ್ಟೆ. ಉಪ್ಪು ತಿಂದವನು ನೀರು ಕುಡೀಲೇಬೇಕಲ್ಲ.

ಮೂವತ್ತು ದಿನ ಮುಗಿದದ್ದು ಈಸ್ಟರ್ ಹಿಂದಿನ ವಾರ. ಮೂವತ್ತೊಂದನೇ ದಿನ ಏಳನೇ ಕಿಂಡಿಗೆ ಊಟ ಇಲ್ಲ. ನಾನು ಗಾಡಿ ತಳ್ಕೊಂಡು ಆ ಬಾಗಿಲು ದಾಟಿ ಎರಡು ಹೆಜ್ಜೆ ಹೋಗಿದ್ದೆ... ಟಕ್... ಟಕ್... ಕೆಳಗಿಂದ. ಮೊಣಕಾಲ ಎತ್ತರದಿಂದ.

ಗಾಡಿ ಅಲ್ಲೇ ಬಿಟ್ಟು ಓಡಿದೆ. ದೊಡ್ಡ ಫಾದರ್ ಕಾಲಿಗೆ ಬಿದ್ದೆ. ಎಲ್ಲ ಹೇಳಿದೆ, ಮೀನು, ಸದ್ದು, ಚೀಟಿ, ಸುಳ್ಳು, ಒಂದನ್ನೂ ಬಿಡಲಿಲ್ಲ. ಅವರು ಬೈಯಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಗೋಡೆಯ ಶಿಲುಬೆ ನೋಡ್ತಾ ಅತ್ರು. ಆಮೇಲೆ ಪಾಪಕ್ಷಮೆಯ ಮಂತ್ರ ಹೇಳಿ ಅಂದ್ರು, ‘ದೇವರು ನಿನ್ನನ್ನ ಕ್ಷಮಿಸಿದ್ದಾನೆ ಮಗು. ಅದು ದೇವರ ಕೆಲಸ, ಮುಗೀತು. ಆದ್ರೆ ಹಸಿದಿರೋದು ದೇವರಲ್ಲ. ವ್ರತ ನಿನಗೆ ಇನ್ನಿಲ್ಲ. ಇಲ್ಲೇ ಇರು, ಅವರಿಗೆ ಉಣ್ಣಿಸು. ಸಾಕು ಅನ್ನೋ ತನಕ ಉಣ್ಣಿಸು.’

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಈಸ್ಟರ್‌ಗೆ ನಾನು ಚರ್ಚಿನ ಹಿಂದುಗಡೆ ಆಳುಗಳ ಜೊತೆ ನಿಂತಿದ್ದೆ. ನನ್ನ ಊಟದಲ್ಲಿ ಅರ್ಧ ತೆಗೆದು ದಿನಾ ಏಳನೇ ಕಿಂಡಿಯಲ್ಲಿ ಇಡ್ತಿದ್ದೆ. ಬಡಿಯೋದು ನಿಂತಿತು.

ಮುಂದಿನ ವಸಂತಕ್ಕೆ ಏನಾಯ್ತು ಅಂತ ಊರಿಗೇ ಗೊತ್ತು. ಪ್ಯಾರಿಸಿನಲ್ಲಿ ಮಠಗಳನ್ನ ಮುಚ್ಚಿಸೋ ಕಾಯಿದೆ ಮಾಡಿದ್ರು, ಸಿಪಾಯಿಗಳು ಹೆಬ್ಬಾಗಿಲು ಒಡೆದು ಬಂದ್ರು, ಹನ್ನೊಂದು ಜನ ಮುದುಕರನ್ನ ಪ್ರಾರ್ಥನೆಯ ಮಧ್ಯದಿಂದ ಎಬ್ಬಿಸಿ ಕರ್ಕೊಂಡು ಹೋದ್ರು. ಫಿಲೊಮೆನ್, ನೀನು ಆವಾಗ ಪುಟ್ಟ ಹುಡುಗಿ, ನಿಮ್ಮಮ್ಮ ದಾರಿಯಲ್ಲಿ ಮಂಡಿಯೂರಿ ಅತ್ತಿದ್ದು ನಿನಗೆ ನೆನಪಿರಬಹುದು. ಅವರೆಲ್ಲ ಇಟಲಿಗೆ ಹೋದ್ರು, ಮಠಕ್ಕೆ ಸರ್ಕಾರದ ಮುದ್ರೆ ಬಿತ್ತು. ನಾನು ಇಳಿದು ಬಂದು ಈ ಪಕ್ಕದ ಮನೆ ಹಿಡಿದೆ. ಮನಸ್ಸಲ್ಲಿ ಪಾಪದ ಸಂತೋಷ ಒಂದಿತ್ತು, ಸುಳ್ಳು ಹೇಳಲ್ಲ. ಬಾಗಿಲು ಮುಚ್ಚಿತು, ಇನ್ನು ನಾನು ಬಚಾವು ಅಂತ.

ಮೊದಲನೇ ಮಧ್ಯಾಹ್ನ ಒಲೆ ಹಚ್ಚಿ, ಗಂಜಿ ಬಡಿಸ್ಕೊಂಡು, ಇನ್ನೇನು ಚಮಚ ಎತ್ತಬೇಕು...

ಟಕ್. ಟಕ್. ನನ್ನ ಬಾಗಿಲಿಗೇ. ಕೆಳಗಿಂದ.

ಆಮೇಲೆ ಹೊಳೀತು. ಮಠದಿಂದ ಎಲ್ಲರನ್ನೂ ಹೊರಗೆ ಹಾಕಿದ್ರಲ್ಲ. ಅಂತೆಲ್ಮ್ ಫಾದರ್ ಒಬ್ಬರನ್ನ ಅಲ್ಲೇ ಬಿಡ್ತಾರಾ?

ನಲವತ್ತೈದು ವರ್ಷದಿಂದ ಇಬ್ಬರಿಗೆ ಬೇಯಿಸ್ತಿದ್ದೀನಿ. ಮಧ್ಯಾಹ್ನ ಮೊದಲು ಅವರದ್ದು ಕಿಟಕಿಯ ಹಲಗೆ ಮೇಲೆ, ಆಮೇಲೆ ನನ್ನದು. ಬೆಕ್ಕಿಗೆ ಹಾಕ್ತಾನೆ, ತಲೆ ಕೆಟ್ಟಿದೆ ಅಂತ ಊರವರು ಆಡ್ಕೊಂಡ್ರು, ಆಡ್ಕೊಳ್ಳಲಿ. ಯುದ್ಧದ ವರ್ಷ ಆಲೂಗಡ್ಡೆ ಸಿಪ್ಪೆ ಬೇಯಿಸಿದಾಗಲೂ ಅರ್ಧ ಇಟ್ಟಿದ್ದೀನಿ. ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪಿಸಿರಲಿಲ್ಲ... ಹೋದ ತಿಂಗಳ ತನಕ.

*

ಅಜ್ಜ ನಿಲ್ಲಿಸಿದ. ಹೊರಗೆ ಮಳೆ ಹೊಡೆಯುತ್ತಲೇ ಇತ್ತು. ಕಸಿಮಿರ್‌ಗೆ ತಡೆಯಲಾಗಲಿಲ್ಲ. “ಹೋದ ತಿಂಗಳು ನೀವು ಬಿದ್ರಲ್ಲ, ಆವತ್ತಾ? ಗುರುವಾರ ಪಿಂಚಣಿ ಕಾಗದ ತಂದೆ, ಎಷ್ಟು ಕೂಗಿದ್ರೂ ಓಗೊಡಲಿಲ್ಲ, ಬಾಗಿಲು ಒದ್ದು ಬಂದ್ರೆ ನೀವು ನೆಲದ ಮೇಲೆ. ಇನ್ನೊಂದು ಗಂಟೆ ತಡವಾಗಿದ್ರೆ ಹೋಗಿಬಿಡ್ತಿದ್ರಿ ಅಂತ ಡಾಕ್ಟರು ಅಂದ್ರು.”

“ನಾನು ಯಾವಾಗ ಬಿದ್ದೆ ಅಂದ್ಕೊಂಡಿದ್ದೀಯ?”

“ಅವತ್ತು ಬೆಳಿಗ್ಗೆ. ಹಿಂದಿನ ದಿನ ಊಟ ಮಾಡಿದ್ರಲ್ಲ. ನೊಯೆಲಿಯೇ ಕೊಟ್ಟು ಬಂದಿದ್ದಳು.”

ನೊಯೆಲಿ ಎಂದರೆ ನಾನು. ಅಜ್ಜನಿಗೆ ನೆಗಡಿ ಜ್ವರ ಎಂದು ತಿಳಿದು ಆ ವಾರ ಸೋಮವಾರದಿಂದ ದಿನಾ ಮಧ್ಯಾಹ್ನ ಬಿಸಿ ಸೂಪು ಮಾಡಿ ಅವನ ಕಿಟಕಿಯ ಹಲಗೆಯ ಮೇಲಿಟ್ಟು ಬರುತ್ತಿದ್ದೆ. ಒಳಗೆ ಹೋದರೆ ಬೈಯುತ್ತಾನೆ ಎಂದು ಬಾಗಿಲು ತಟ್ಟುತ್ತಿರಲಿಲ್ಲ. ಸಂಜೆ ಹೋಗಿ ಬಟ್ಟಲು ತರುತ್ತಿದ್ದೆ. ಒಂದು ದಿನವೂ ಒಂದು ತೊಟ್ಟು ಉಳಿದಿರಲಿಲ್ಲ. ಚೆನ್ನಾಗಿ ಉಣ್ಣುತ್ತಿದ್ದಾನೆ, ಗಟ್ಟಿ ಜೀವ ಎಂದು ಅತ್ತೆಗೂ ಹೇಳಿದ್ದೆ.

ಅಜ್ಜ ನನ್ನನ್ನೇ ನೋಡಿದ.

“ಸೋಮವಾರ ಬೆಳಿಗ್ಗೆ ಬಿದ್ದೆ ಮಗಳೇ. ಒಲೆ ಹಚ್ಚೋಕೆ ಅಂತ ಎದ್ದವನು. ಗುರುವಾರದ ತನಕ ನೆಲ ಬಿಟ್ಟು ಏಳಲಿಲ್ಲ. ನಿನ್ನ ಸೂಪಿನ ಒಂದು ಚಮಚ ನನ್ನ ಬಾಯಿಗೆ ಬಿದ್ದಿಲ್ಲ.”

ಅತ್ತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

“ಮಂಗಳವಾರ ನೀನು ಬಟ್ಟಲು ಇಟ್ಟ ಸದ್ದು ಕೇಳ್ತು. ಕೂಗೋಕೆ ದನಿ ಏಳಲಿಲ್ಲ. ತೆವಳ್ಕೊಂಡು ಬಂದು ಬಾಗಿಲು ಬಡಿದೆ. ನೀನು ಒಂದು ಗಳಿಗೆ ನಿಂತೆ, ಅಲ್ವಾ? ಆಮೇಲೆ ನಿನ್ನ ಹೆಜ್ಜೆ ದೂರ ಹೋಯ್ತು.”

ಸದ್ದು ಕೇಳಿದ್ದು ನಿಜ. ನಿಂತದ್ದೂ ನಿಜ. “ಸೌದೆ ಸೀಳ್ತಿದ್ದೀರಿ ಅಂದ್ಕೊಂಡೆ ಅಜ್ಜ,” ಎಂದೆ. ಅಳು ಬಂದುಬಿಟ್ಟಿತು.

“ಅಳಬೇಡ. ನಾನೂ ಹಾಗೇ ಅಂದ್ಕೊಂಡಿದ್ದೆ.” ಅವನು ತನ್ನ ಒರಟು ಕೈ ಚಾಚಿ ನನ್ನ ಕೈ ಹಿಡಿದುಕೊಂಡ. ಅವನು ಯಾರನ್ನಾದರೂ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. “ನೀನು ಹೋದ ಮೇಲೆ ಕಿಟಕಿ ಹತ್ತಿರ ಬಟ್ಟಲು ಸರಿದ ಸದ್ದು ಕೇಳಿಸ್ತು. ಅವರು ಅವಸರ ಮಾಡಲಿಲ್ಲ. ನಾನು ಬಡೀತಾ ಇದ್ದೆ, ಅವರು ನಿಧಾನಕ್ಕೆ ಉಣ್ತಾ ಇದ್ರು. ದಿನಾ. ಇವತ್ತು ಈ ಮಳೆಯಲ್ಲಿ ನಿಮ್ಮನೆಗೆ ಬಂದದ್ದು ಇದೊಂದು ಮಾತು ಹೇಳೋಕೆ. ಇನ್ನು ಮೇಲೆ ನೀನು ಊಟ ತಂದ್ರೆ ಖಾಲಿ ಬಟ್ಟಲು ನೋಡಿ ನಂಬಬೇಡ. ನಾನು ಬೈದ್ರೂ ಸರಿ, ಬಾಗಿಲು ತೆಗೆದು ಒಳಗೆ ಬಾ, ನನ್ನ ಮುಖ ನೋಡು, ನಾನು ಉಣ್ಣೋದನ್ನ ನಿನ್ನ ಕಣ್ಣಾರೆ ನೋಡು. ನಲವತ್ತೈದು ವರ್ಷ ಅರ್ಧರ್ಧ ಇಟ್ಟೆ, ಇವತ್ತಲ್ಲ ನಾಳೆ ಸಾಕು ಅಂತಾರೆ ಅಂತ ಕಾದೆ. ಅವರ ಹೊಟ್ಟೆ ಇನ್ನೂ ತುಂಬಿಲ್ಲ ಮಗಳೇ. ಈಗ ಪೂರ್ತಿ ಬಟ್ಟಲು ಬೇಕಂತೆ.”